ನಾ ಮಾಡಿದ್ದು

ಸೋಮವಾರದಿಂದ ತಂಗಿಯ ಒಂದು ಮಾತು ಕಿವಿಯಲ್ಲೇ ಕೂತಿದೆ. ಎದ್ದು ಹೋಗುತ್ತಿಲ್ಲ. ಎರಡೇ ಶಬ್ದ. "ನಾ ಮಾಡಿದ್ದು."

ರೇಷನ್ ಕಾರ್ಡಿಗೆ ಮನೆಮಂದಿ ಎಲ್ಲರೂ ಹೆಬ್ಬೆಟ್ಟು ಒತ್ತಬೇಕಿತ್ತು. ಹೆಂಡತಿದು, ಮಗಳದು, ಅವ್ವನದು ಯಾವಾಗಲೋ ಮುಗಿದಿತ್ತು. ನನ್ನದೊಂದೇ ಬಾಕಿ. ಬಿಸಿಲು ಏರುವ ಮೊದಲೇ ಮುಗಿಸಿಬಿಡೋಣ ಅಂತ ಬೆಳಿಗ್ಗೆ ಒಂಬತ್ತಕ್ಕೇ ನವನಗರದ ನಮ್ಮ ಸೆಕ್ಟರಿನ ಸೇವಾ ಕೇಂದ್ರಕ್ಕೆ ಹೊರಟೆ. ಅವ್ವನ ಕಣ್ಣು ತೋರಿಸಲು ತಂಗಿ ಹಿಂದಿನ ದಿನವೇ ಗುಳೇದಗುಡ್ಡದಿಂದ ಬಂದಿದ್ದಳು. "ನಾನೂ ಬರ್ತೀನಿ ನಡಿ" ಅಂತ ಚಪ್ಪಲಿ ಮೆಟ್ಟಿಕೊಂಡಳು.

ಏಪ್ರಿಲ್ ತಿಂಗಳ ಬಾಗಲಕೋಟೆ. ಒಂಬತ್ತಕ್ಕೇ ಡಾಂಬರು ಕಾದಿರುತ್ತದೆ. ನಾನು ತುಂಬುತೋಳಿನ ಅಂಗಿ, ಟೋಪಿ, ಮಾಸ್ಕ್, ಮೇಲೊಂದು ಛತ್ರಿ, ಮುಖಕ್ಕೆ ಸುಣ್ಣ ಬಳಿದ ಹಾಗೆ ಸನ್‌ಸ್ಕ್ರೀನ್. ಓಣಿಯ ಹುಡುಗರು ನನಗೆ 'ಸರ್ಕಸ್ ಮಾಮಾ' ಅಂತ ಹೆಸರಿಟ್ಟಿದ್ದಾರೆ. ಬೇಸರವೇನಿಲ್ಲ. ಹೆಸರು ಚೆನ್ನಾಗೇ ಇದೆ.

ಕೌಂಟರಿನ ಹುಡುಗ ಮಷಿನ್ ಮುಂದೆ ಸರಿಸಿದ. ಬಲಗೈ ಹೆಬ್ಬೆರಳು ಇಟ್ಟೆ. ಬರಲಿಲ್ಲ. ಒರೆಸಿ ಇಟ್ಟೆ. ಬರಲಿಲ್ಲ. ಎಡಗೈ ಇಟ್ಟೆ.

"ಮ್ಯಾಚ್ ಆಗವಲ್ದ್ರೀ ಸರ."

ಆ ಹುಡುಗನ ಬಗ್ಗೆ ಒಂದು ಮಾತು ಹೇಳಲೇಬೇಕು. ಹಿಂದೆ ಎಂಟು ಹತ್ತು ಜನ ನಿಂತಿದ್ದರೂ ಅವನು ಗದರಲಿಲ್ಲ. "ಇರ್ರಿ, ಒಂದೊಂದ ನೋಡೋಣ್ರಿ" ಅಂತ ಹತ್ತೂ ಬೆರಳು ಪ್ರಯತ್ನ ಮಾಡಿಸಿದ. ಹತ್ತಕ್ಕೆ ಸೊನ್ನೆ. ಕೊನೆಗೆ ನನ್ನ ಕೈಯನ್ನೇ ತಿರುಗಿಸಿ ನೋಡಿದ. ಅಂಗೈಯಲ್ಲಿ ತೊಗಲು ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಪದರು ಪದರಾಗಿ ಎದ್ದಿತ್ತು. ಬೆರಳ ತುದಿಗಳು ನುಣ್ಣಗೆ, ಹೊಳೆಯುತ್ತಿದ್ದವು. ಹುಡುಕಿದರೂ ಒಂದು ಗೆರೆ ಇಲ್ಲ.

"ಕೈಗೆ ಏನಾಗೇತ್ರಿ ಸರ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ತಂಗಿ ಅಂದಳು. "ನಾ ಮಾಡಿದ್ದು."

ಹುಡುಗ ಅವಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. "ಬಿಸಿನೀರು ಬಿದ್ದುವೇನ್ರೀ ಅಕ್ಕಾರ?" ಅಂತ ಮೆಲ್ಲಗೆ ಕೇಳಿದ.

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಅಷ್ಟರಲ್ಲಿ ಸಾಲಿನಲ್ಲಿದ್ದ ಹಿರಿಯರೊಬ್ಬರು, "ತಮ್ಮಾ, ಆ ಮಷಿನ್ ಒರಸಪಾ, ಅಂಟುರೋಗ ಇದ್ದಂಗೈತಿ" ಅಂದರು. ಮೈಮೇಲೆ ಶುಭ್ರ ಬಿಳಿ ಅಂಗಿ, ಹಣೆಗೆ ವಿಭೂತಿ. ಇಂಥ ಮಾತು ಯಾವಾಗಲೂ ಬಹಳ ಸ್ವಚ್ಛ ಬಟ್ಟೆ ಹಾಕಿದವರಿಂದಲೇ ಬರುತ್ತದೆ ಅನ್ನುವುದು ಈ ಎಂಟು ತಿಂಗಳಲ್ಲಿ ನಾನು ಕಂಡುಕೊಂಡ ಸತ್ಯ. ನನಗಿರುವುದು ಯಾರಿಗೂ ಅಂಟುವುದಿಲ್ಲ. ನಿಜ ಹೇಳಬೇಕಂದರೆ ಹೆದರಬೇಕಾದವನು ನಾನು. ಊರಿನ ನೂರು ಹೆಬ್ಬೆಟ್ಟು ಬಿದ್ದ ಮಷಿನ್ ಅದು. ನನ್ನ ಮೈಯಲ್ಲಿ ಸೋಂಕು ತಡೆಯುವ ಶಕ್ತಿಯನ್ನು ಗುಳಿಗೆ ಹಾಕಿ ಮಲಗಿಸಿದ್ದಾರೆ. ಒರೆಸು ಅಂತ ಹೇಳಬೇಕಾದವನು ನಾನೇ ಅಲ್ವಾ. ತಂಗಿ ತಿರುಗಿ ಅವರಿಗೆ ಏನೋ ಅಂದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಗುಳೇದಗುಡ್ಡದಲ್ಲಿ ಮಗ್ಗದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ಗಂಟಲು ದೊಡ್ಡದಾಗಿದೆ.

ಮನೆಗೆ ಬಂದೆವು. ಅವಳು ಅವ್ವನನ್ನು ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು. ಸಂಜೆ ಬಸ್ಸು ಹತ್ತಿ ಊರಿಗೆ ಹೋದಳು. ಮಾತು ಮಾತ್ರ ನನ್ನ ಹತ್ತಿರ ಉಳಿಯಿತು.

'ಮ್ಯಾಚ್' ಅನ್ನುವ ಶಬ್ದಕ್ಕೂ ನನಗೂ ಹಳೇ ಲೆಕ್ಕ ಇದೆ. ಹೋದ ವರ್ಷ ರಕ್ತದ ಕ್ಯಾನ್ಸರ್ ಅಂತ ಗೊತ್ತಾಗಿ, ಔಷಧಿಯಿಂದ ಹತೋಟಿಗೆ ಬಂದರೂ ತಿರುಗಿ ಬರುವ ಸಾಧ್ಯತೆ ಜಾಸ್ತಿ ಅಂತಾದಾಗ, ಬೇರೆಯವರ ಸ್ಟೆಮ್ ಸೆಲ್, ಅಂದರೆ ಮೂಳೆಯೊಳಗೆ ರಕ್ತ ಹುಟ್ಟಿಸುವ ಕೋಶ, ಹಾಕಬೇಕು ಅಂದರು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ತಮ್ಮನದು ಹೊಂದಲಿಲ್ಲ. ನೋಡುವ ಹತ್ತು ಗುರುತಿನಲ್ಲಿ ತಂಗಿಯದು ಹತ್ತಕ್ಕೆ ಹತ್ತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಎರಡು ಸಲ ಕಟ್ಟಿದವಳು ಅವಳು. ರಿಪೋರ್ಟ್ ಹಿಡಿದುಕೊಂಡು ಮನೆಯೆಲ್ಲ ಓಡಾಡಿದಳು. "ನೋಡ್ರಿ, ಔಟ್ ಆಫ್ ಔಟ್!"

ಅವಳ ಅತ್ತೆ ಒಪ್ಪಿರಲಿಲ್ಲ. "ಎರಡ ಮಕ್ಕಳ ತಾಯಿ, ನಾಳೆ ಏನಾರ ಆದ್ರ ಯಾರ ನೋಡವ್ರು" ಅಂದಿದ್ದರು. ಆವಾಗ ಆ ಮುದುಕಿಯ ಮೇಲೆ ನನಗೆ ವಿಪರೀತ ಸಿಟ್ಟು ಬಂದಿತ್ತು. ಈಗ ಇಲ್ಲ. ಸೊಸೆ ಬಗ್ಗೆ ಅಷ್ಟಾದರೂ ಯೋಚಿಸಿದವರು ನಮ್ಮ ಕಡೆಯಿಂದ ಯಾರಿದ್ದರು? ನಾವೆಲ್ಲ ನನ್ನ ಬಗ್ಗೆ ಯೋಚಿಸುತ್ತಿದ್ದೆವು.

ಅವಳಿಗೆ ದಿನಾ ಇಂಜೆಕ್ಷನ್ ಚುಚ್ಚಿದರು. ಮೂಳೆಯೊಳಗಿನ ಕೋಶಗಳು ರಕ್ತಕ್ಕೆ ಇಳಿದು ಬರಲಿ ಅಂತ. ಸೊಂಟ, ಬೆನ್ನು ಎಲ್ಲ ನೋವು. ಐದನೆಯ ದಿನ ಎರಡೂ ತೋಳಿಗೆ ಸೂಜಿ ಹಾಕಿ ನಾಲ್ಕೈದು ತಾಸು ಮಷಿನಿಗೆ ಕಟ್ಟಿ ಮಲಗಿಸಿದರು. ಒಂದು ತೋಳಿನಿಂದ ರಕ್ತ ಹೋಗುತ್ತದೆ, ಬೇಕಾದ್ದನ್ನು ಮಷಿನ್ ಆರಿಸಿಕೊಳ್ಳುತ್ತದೆ, ಉಳಿದದ್ದು ಇನ್ನೊಂದು ತೋಳಿಗೆ ವಾಪಸ್. ಆವತ್ತು ಸಂಜೆ ಒಂದು ಚೀಲದಲ್ಲಿ ತಂಗಿ ನನ್ನ ಮೈಗೆ ಬಂದಳು. ಆಪರೇಷನ್ ಇಲ್ಲ, ಕೊಯ್ಯುವುದಿಲ್ಲ. ರಕ್ತ ಏರಿಸಿದ ಹಾಗೇ. ಇಷ್ಟೇನಾ ಅನಿಸಿತು. ನಮ್ಮ ದೇಶದಲ್ಲಿ 1983ರಲ್ಲೇ ಮುಂಬೈಯ ಟಾಟಾ ಆಸ್ಪತ್ರೆಯಲ್ಲಿ ಇದು ಶುರುವಾಗಿದೆ ಅಂತ ವಾರ್ಡಿನಲ್ಲಿ ಯಾರೋ ಹೇಳಿದಾಗ, ನಾನು ಹೊಸ ಪ್ರಯೋಗದ ಇಲಿ ಅಲ್ಲ ಅಂತ ಸಮಾಧಾನ ಆಗಿತ್ತು. ದುಡ್ಡಿನ ಕತೆ ಬೇರೆ. ಅದನ್ನು ಇನ್ನೊಂದು ದಿನ ಹೇಳುತ್ತೇನೆ.

ಒಂದು ತಿಂಗಳಾದ ಮೇಲೆ ಕಿವಿಯ ತುದಿ ಉರಿಯತೊಡಗಿತು. ಬೆಂಗಳೂರಿನ ಬಾಡಿಗೆ ರೂಮಿನಲ್ಲಿದ್ದೆವು. ಫ್ಯಾನ್ ಗಾಳಿಗೆ ಇರಬೇಕು ಅಂದುಕೊಂಡೆ. ಮರುದಿನ ಅಂಗೈ, ಅಂಗಾಲು. ಕೆಂಡದ ಮೇಲೆ ಕೈ ಹಿಡಿದ ಹಾಗೆ. ಆಮೇಲೆ ಕುತ್ತಿಗೆ, ಎದೆ, ಬೆನ್ನು. ಮಗಳು ಮೊಬೈಲ್‌ನಲ್ಲಿ ಹುಡುಕಿ ಫೋಟೋ ತೋರಿಸಿದಳು. ಎಲ್ಲ ಬಿಳಿ ಮೈಯವರದು, ಕೆಂಪು ಕೆಂಪು ಗುಳ್ಳೆ. "ಅಪ್ಪಾ, ನಿಂದು ಹಿಂಗಿಲ್ಲ, ಇದು ಬ್ಯಾರೆ" ಅಂದಳು. ನನ್ನಂಥ ಕಪ್ಪು ಮೈಯಲ್ಲಿ ಕೆಂಪು ಎಲ್ಲಿ ಕಾಣಬೇಕು? ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ ಬಂದಿತ್ತು, ಅಷ್ಟೇ. ಕಾಣದೇ ಹೋದರೆ ತಡವಾಗುತ್ತದೆ. ಕಣ್ಣಿಗಿಂತ ಉರಿಯನ್ನು ನಂಬಬೇಕು. ನಮ್ಮಂಥವರು ಯಾರಾದರೂ ಓದುತ್ತಿದ್ದರೆ ಇರಲಿ ಅಂತ ಬರೆದೆ.

ಡಾಕ್ಟರ್ ಅಳತೆ ತೆಗೆದುಕೊಂಡ ರೀತಿ ನನಗೆ ಬಹಳ ಹಿಡಿಸಿತು. ನಾನು ಟೇಲರ್. ಇಪ್ಪತ್ತು ವರ್ಷದಿಂದ ಮಂದಿಯ ಅಳತೆ ತೆಗೆಯುವವನು. ಅವರ ಹತ್ತಿರ ಟೇಪ್ ಇರಲಿಲ್ಲ. ಬೆರಳೂ ಸೇರಿ ನಮ್ಮ ಅಂಗೈ ಅಂದರೆ ನಮ್ಮ ಮೈಯ ಹೆಚ್ಚುಕಮ್ಮಿ ನೂರಕ್ಕೆ ಒಂದು ಪಾಲು ಅಂತೆ. ಮೈಮೇಲಿನ ಕಲೆ ಎಷ್ಟು ಅಂಗೈ ಅಗಲ ಅಂತ ಎಣಿಸುತ್ತಾರೆ. ಇಪ್ಪತ್ತೈದು ಅಂಗೈ ಒಳಗಿದ್ದರೆ ಮೊದಲನೆಯ ಹಂತ. ಐವತ್ತರವರೆಗೆ ಎರಡನೆಯದು. ಅದರಾಚೆ ಮೂರು. ಬೊಬ್ಬೆ ಎದ್ದರೆ ನಾಲ್ಕು. ನನ್ನದು ಸುಮಾರು ಮೂವತ್ತು ಬಂತು. ತೊಗಲಿನ ಒಂದು ಚೂರು ತೆಗೆದು ಪರೀಕ್ಷೆಗೂ ಕಳಿಸಿದರು. ಕಡಲೆಬೇಳೆಗಿಂತ ಸಣ್ಣದು.

ಅದರ ಹೆಸರು ಗ್ರಾಫ್ಟ್ ವರ್ಸಸ್ ಹೋಸ್ಟ್ ಡಿಸೀಸ್, ಚಿಕ್ಕದಾಗಿ ಜಿವಿಎಚ್‌ಡಿ. ಅವ್ವನ ಬಾಯಲ್ಲಿ ಅದು 'ಜೀವ್ಯಾಜ್ಯ' ಆಯಿತು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಹೋಗಿ, ಪರಿಹಾರದ ಕೇಸ್ ಹಿಡಿದು ವರ್ಷಗಟ್ಟಲೆ ಕೋರ್ಟಿಗೆ ತಿರುಗಿದ ಮನೆ ನಮ್ಮದು. ವ್ಯಾಜ್ಯ ಅಂದರೆ ಅವ್ವನಿಗೆ ಚೆನ್ನಾಗಿ ಗೊತ್ತು. ಅವಳು ಇಟ್ಟ ಹೆಸರು ತಪ್ಪಲ್ಲ. ಕಿಡ್ನಿ ಹಾಕಿಸಿಕೊಂಡವರಲ್ಲಿ ಮೈ ಕಿಡ್ನಿಯನ್ನು ಒಲ್ಲೆ ಅನ್ನುತ್ತದೆ. ನಮ್ಮಲ್ಲಿ ಉಲ್ಟಾ. ಬಂದ ಕೋಶಗಳೇ ಇಡೀ ಮೈಯನ್ನು ಒಲ್ಲೆ ಅನ್ನುತ್ತವೆ. ಪಹರೆಗೆ ಅಂತ ಕರೆದುಕೊಂಡು ಬಂದವರು ಮನೆಯವರನ್ನೇ ಕಳ್ಳರು ಅಂತ ಹಿಡಿದ ಹಾಗೆ. ತೊಗಲು, ಕರುಳು, ಲಿವರ್, ಈ ಮೂರು ಕಡೆ ಮೊದಲು ಕೈ ಹಾಕುತ್ತವೆ. ನನಗೆ ತೊಗಲಿನಲ್ಲೇ ನಿಂತಿತು. ಪುಣ್ಯ.

ಹತ್ತಕ್ಕೆ ಹತ್ತು ಹೊಂದಿದ್ದರೂ ಹೀಗೇಕೆ? ಇದನ್ನೇ ತಂಗಿ ಕೇಳಿದಳು. ಡಾಕ್ಟರ್ ಕೈಕೆಳಗಿನ ಹುಡುಗ ಡಾಕ್ಟರನ್ನು. ಜಾಣ ಹುಡುಗ. ಗೊತ್ತಿದ್ದದ್ದನ್ನೆಲ್ಲ ಹೇಳಿಬಿಡುವ ವಯಸ್ಸು. ಆ ಹತ್ತು ಬಿಟ್ಟು ಇನ್ನೂ ಸಣ್ಣ ಸಣ್ಣ ವ್ಯತ್ಯಾಸ ಇರುತ್ತವೆ ಅಂದ. ಹೆಣ್ಣಿನದು ಗಂಡಿಗೆ ಹಾಕಿದಾಗ ಈ ತೊಂದರೆ ಸ್ವಲ್ಪ ಜಾಸ್ತಿ ಅಂದ. ಅದರಲ್ಲೂ ಹಡೆದ ಹೆಂಗಸರದ್ದು. ಗಂಡುಮಗು ಹೊಟ್ಟೆಯಲ್ಲಿದ್ದಾಗ ತಾಯಿಯ ರಕ್ತಕ್ಕೆ ಗಂಡಿನ ಗುರುತು ಸಿಕ್ಕಿರುತ್ತದೆ, ಇದು ನನ್ನದಲ್ಲ ಅಂತ ಅದು ನೆನಪಿಟ್ಟುಕೊಂಡಿರುತ್ತದೆ, ಆಮೇಲೆ ಗಂಡಿನ ಮೈಗೆ ಹೋದಾಗ ಹಳೇ ಗುರುತು ಹಿಡಿಯುತ್ತದೆ ಅಂತ ಬಿಡಿಸಿ ಬಿಡಿಸಿ ಹೇಳಿದ. "ನಿಮಗೆ ಮಕ್ಕಳೆಷ್ಟು?" ಅಂತ ಬೇರೆ ಕೇಳಿದ.

"ಎರಡ್ರಿ. ಎರಡೂ ಗಂಡು."

"ಹ್ಞಾಂ, ನೋಡಿ" ಅಂದ.

ಈ 'ಹ್ಞಾಂ, ನೋಡಿ' ನನಗೆ ಆಗ ಏನೂ ಅನಿಸಿರಲಿಲ್ಲ. ನಾನು ಉರಿಯಲ್ಲಿದ್ದೆ. ಅವನು ಹೇಳಿದ್ದು ಸುಳ್ಳೂ ಅಲ್ಲ. ಆದರೆ ತಂಗಿಗಿಂತ ಚೆನ್ನಾಗಿ ಹೊಂದುವವರು ನನಗೆ ಯಾರೂ ಇರಲಿಲ್ಲ ಅನ್ನುವುದೂ ಅಷ್ಟೇ ನಿಜ. ಆ ಅರ್ಧವನ್ನು ಹೇಳದೆ ಹೋದ. ಅವಳು ಕೇಳಿಸಿಕೊಂಡು ಸುಮ್ನೆ ಟಿಫಿನ್ ಡಬ್ಬಿ ತೊಳೆಯಲು ಹೋದಳು.

ಹುಡುಗ ಡಾಕ್ಟರನ್ನು ಬೈಯುವುದು ಸುಲಭ. ಸೋಮವಾರ ರಾತ್ರಿ ನಿದ್ದೆ ಬರಲಿಲ್ಲ. ಸ್ಟಿರಾಯ್ಡ್ ನುಂಗುವವರಿಗೆ ನಿದ್ದೆ ಬರುವುದೂ ಅಷ್ಟಕ್ಕಷ್ಟೇ. ಎರಡು ಗಂಟೆಗೆ ಹಸಿವಾಗುತ್ತದೆ. ಅಡುಗೆಮನೆಯಲ್ಲಿ ಕೂತು ಕಡಕ್ ರೊಟ್ಟಿ ಮುರಿಯುತ್ತಾ, "ನಾ ಮಾಡಿದ್ದು" ಅನ್ನುವುದನ್ನು ಅವಳು ಎಲ್ಲಿಂದ ಕಲಿತಳು ಅಂತ ಯೋಚಿಸಿದೆ. ಆಗ ಹೊಳೆಯಿತು. ಅದನ್ನು ಹೇಳಿಕೊಟ್ಟವನು ನಾನೇ.

ಊರಿಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ನಾನು ಒಂದೇ ತಮಾಷೆ ಹೇಳುತ್ತಿದ್ದೆ. "ತಂಗಿ ರಕ್ತ ಹಾಕ್ಯಾರ್ರಿ. ಸಣ್ಣಾಕಿದ್ದಾಗ ಹೊರಗಿಂದ ಪರಚತಿದ್ಲು, ಈಗ ಒಳಗಿಂದ ಪರಚಾಕತ್ಯಾಳ." ಜನ ನಗುತ್ತಿದ್ದರು. ರೋಗಿಯ ಮನೆಗೆ ಬಂದವರಿಗೆ ಏನು ಮಾತಾಡಬೇಕು ಗೊತ್ತಾಗುವುದಿಲ್ಲ, ನಗಲು ಏನಾದರೂ ಸಿಕ್ಕರೆ ಹಗುರಾಗುತ್ತಾರೆ. ನನ್ನ ಲೈಸೆನ್ಸಿನಲ್ಲಿ ಓ ಪಾಸಿಟಿವ್ ಇದೆ, ರಕ್ತ ಈಗ ಅವಳ ಬಿ ಪಾಸಿಟಿವ್. ಅದನ್ನೂ ಸೇರಿಸಿ ಹೇಳುತ್ತಿದ್ದೆ. "ಪೊಲೀಸರು ಹಿಡದ್ರ ಆಕಿನ್ನ ಹಿಡೀಬೇಕು." ಎಷ್ಟು ಸಲ ಹೇಳಿದ್ದೇನೆ? ಐವತ್ತು? ನೂರು? ಅದರಲ್ಲಿ ಎಷ್ಟೋ ಸಲ ಅವಳು ಅಲ್ಲೇ ಇದ್ದಳು. ಚಹಾ ತಂದುಕೊಡುತ್ತಿದ್ದಳು. ಬಹುಶಃ ನಗುತ್ತಿದ್ದಳು. ನಾನು ಬಂದವರ ಮುಖ ನೋಡುತ್ತಿದ್ದೆ, ಅವಳ ಮುಖ ನೋಡಿಲ್ಲ.

ಹಾಗಾಗಿ ಸೋಮವಾರದ ಮಾತಿಗೆ ನಾನು ನಕ್ಕಿದ್ದು ಸಹಜವೇ. ನನ್ನ ತಮಾಷೆಯನ್ನೇ ಅವಳು ಚಿಕ್ಕದು ಮಾಡಿ ಹೇಳುತ್ತಿದ್ದಾಳೆ ಅಂದುಕೊಂಡೆ. ಅವಳು ತಮಾಷೆ ಮಾಡುತ್ತಿರಲಿಲ್ಲ. ಆ ಹುಡುಗ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು.

ಇಷ್ಟು ದಿನ ಅವಳು ನನ್ನ ಕೈ ನೋಡುತ್ತಿದ್ದ ರೀತಿಯೂ ಈಗ ಬೇರೆ ಥರ ಕಾಣುತ್ತದೆ. ಬಂದಾಗಲೆಲ್ಲ ಮೊದಲು "ಕೈ ತಗಿ" ಅನ್ನುತ್ತಾಳೆ. ಬೆಳಕಿಗೆ ಹಿಡಿದು ನೋಡುತ್ತಾಳೆ, ಖಣದ ನೇಯ್ಗೆಯಲ್ಲಿ ಎಳೆ ತಪ್ಪಿದೆಯಾ ಅಂತ ನೋಡುವ ಹಾಗೆ. ನಮ್ಮ ದೊಡ್ಡಮ್ಮ ಹಸಿ ಅರಿಶಿನ, ಬೇವಿನ ಸೊಪ್ಪು ಅರೆದುಕೊಂಡು ಬಂದಾಗ ಬಾಗಿಲಲ್ಲೇ ತಡೆದವಳೂ ಅವಳೇ. ಇನ್ನೊಬ್ಬರು ಸರ್ಪಸುತ್ತು ಅಂದರು, ಮಂತ್ರ ಹಾಕಿಸು ಅಂದರು. ಮತ್ತೊಬ್ಬರು ಅಂಗೈ ಅಂಚಿನ ಬಿಳಿ ಕಲೆ ನೋಡಿ ತೊನ್ನು ಅಂದರು, ಮಗಳ ಮದುವೆಗೆ ತೊಂದರೆ ಅಂದರು. ಮಗಳು ಒಂಬತ್ತನೇ ಕ್ಲಾಸು! ಎಲ್ಲರಿಗೂ ಜವಾಬು ಕೊಟ್ಟವಳು ತಂಗಿ. ನನ್ನ ಮೇಲಿನ ಪ್ರೀತಿ ಅಂತ ತಿಳಿದಿದ್ದೆ. ಪ್ರೀತಿ ಹೌದು. ಜೊತೆಗೆ, ತಾನು ಒಡೆದದ್ದನ್ನು ಬೇರೆಯವರು ಬಂದು ಇನ್ನಷ್ಟು ಒಡೆಯಬಾರದು ಅಂತ ಕಾಯುತ್ತಿದ್ದಳೇನೋ.

ಮಂಗಳವಾರ ಬೆಂಗಳೂರಿನ ಡಾಕ್ಟರಿಗೆ ಕೈಯ ಫೋಟೋ ಕಳಿಸಿದೆ. ಫೆಬ್ರವರಿಯಿಂದ ಗುಳಿಗೆ ಇಳಿಸುತ್ತಾ ಬಂದಿದ್ದರು. ಇಳಿಸಿದಾಗ ಹೀಗೆ ತಿರುಗಿ ಏಳುವುದುಂಟು. ಡೋಸ್ ಸ್ವಲ್ಪ ಏರಿಸಿದರು. ರಾತ್ರಿ ಮುಲಾಮು ಹಚ್ಚಿ ಹತ್ತಿಯ ಕೈಚೀಲ ಹಾಕಿಕೊಂಡು ಮಲಗಿ, ಬಿಸಿನೀರು ಬೇಡ, ಬಿಸಿಲು ಬೇಡವೇ ಬೇಡ ಅಂದರು. ಬಿಸಿಲು ತಾಗಿದರೆ ಮಲಗಿದ ವ್ಯಾಜ್ಯ ಎದ್ದು ಕೂರುತ್ತದೆ. ಬಾಗಲಕೋಟೆಯಲ್ಲಿದ್ದು ಬಿಸಿಲು ಬೇಡ ಅಂದರೆ ಹೇಗೆ ಅಂತ ಕೇಳಿದೆ. ಅವರೂ ನಕ್ಕರು. ಕೈಚೀಲವನ್ನು ಅಪ್ಪನ ಹಳೇ ಧೋತರದಲ್ಲಿ ನಾನೇ ಹೊಲಿದುಕೊಂಡಿದ್ದೆ, ಕೈ ಚೆನ್ನಾಗಿದ್ದಾಗ. ಈಗ ಅಂಗಡಿಯಲ್ಲಿ ರೇಷ್ಮೆ ಮುಟ್ಟುವ ಹಾಗಿಲ್ಲ. ಇಳಕಲ್ಲ ಸೀರೆಯ ಸೆರಗಿನ ಎಳೆ ಎದ್ದ ತೊಗಲಿಗೆ ಸಿಕ್ಕಿಕೊಂಡು ಸರಕ್ಕನೆ ಎಳೆಯುತ್ತದೆ. ಗಿರಾಕಿಯ ಸೀರೆಯೂ ಹಾಳು, ನನ್ನ ಬೆರಳೂ ಹಾಳು. ಹುಡುಗರೇ ಹೊಲಿಯುತ್ತಾರೆ, ನಾನು ಗಲ್ಲೆಯ ಮೇಲೆ ಕೂರುತ್ತೇನೆ.

ಹೆಬ್ಬೆಟ್ಟಿನ ವಿಷಯವನ್ನೂ ಕೇಳಿದೆ. ತಿರುಗಿ ಬರುತ್ತೆ ಅಂದರು. ಬೆರಳಿನ ಗೆರೆ ನಾವು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಆಗಿರುತ್ತದೆ. ಅದರ ಅಚ್ಚು ಇರುವುದು ಮೇಲಿನ ಪದರಿನ ಕೆಳಗೆ. ಮೇಲಿನದು ಎಷ್ಟು ಸಲ ಸುಲಿದರೂ ಅಡಿಯ ಅಚ್ಚು ಉಳಿದಿದ್ದರೆ ಅದೇ ಗೆರೆ, ಅದೇ ಸುಳಿ.

"ತಂಗಿದು ಬರೋದಿಲ್ಲ ಅಲ್ರೀ?" ಅಂತ ಕೇಳಿದೆ. ತಮಾಷೆಗೆ ಅಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ.

ರಕ್ತ ಅವರದು, ತೊಗಲು ನಿಮ್ಮದೇ ಅಂದರು.

ಫೋನ್ ಇಟ್ಟ ಮೇಲೆ ಇನ್ನೊಂದು ನೆನಪಾಯಿತು. ನೆನಪಾಗದೇ ಇದ್ದಿದ್ದರೆ ಚೆನ್ನಾಗಿತ್ತು. ನವೆಂಬರಿನಲ್ಲಿ, ನೂರು ದಿನ ಮುಗಿದು ಊರಿಗೆ ಹೊರಡುವ ಮುಂಚೆ, ಇದೇ ಡಾಕ್ಟರ್ ಹೇಳಿದ್ದರು. ತೊಗಲಿನಲ್ಲಿ ಸ್ವಲ್ಪ ಇದು ಬಂದರೆ ಪೂರಾ ಕೆಟ್ಟದ್ದಲ್ಲ. ಹೊಸ ಕೋಶಗಳು ಎಚ್ಚರ ಇವೆ ಅಂತ ಅರ್ಥ. ತೊಗಲನ್ನು ಹೊಡೆಯುವ ಕೈಯೇ ಎಲ್ಲೋ ಅಡಗಿ ಕೂತ ಕ್ಯಾನ್ಸರ್ ಕೋಶವನ್ನೂ ಹೊಡೆಯುತ್ತದೆ. ಹಾಗೆ ಬಂದವರಲ್ಲಿ ರೋಗ ತಿರುಗಿ ಬರುವುದು ಕಡಿಮೆ. ಜಾಸ್ತಿ ಆಗಬಾರದು, ಅಷ್ಟೇ. ನಾನು ಖುಷಿಯಾಗಿ ಹೊರಗೆ ಬಂದಿದ್ದೆ. ತಂಗಿ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. "ಏನಂದ್ರು?" ಅಂದಳು. "ಊರಿಗೆ ಹೋಗಬಹುದಂತ" ಅಂದೆ. ಅಷ್ಟೇ ಹೇಳಿದ್ದು. ಮುಖ್ಯವಾದದ್ದು ಅದೇ ಅನಿಸಿತ್ತು.

ನಿನ್ನೆ ರಾತ್ರಿ ಅವಳೇ ಫೋನ್ ಮಾಡಿದಳು. ಹಿಂದೆ ಮಗ್ಗದ ಸದ್ದು ಇರಲಿಲ್ಲ, ಮಕ್ಕಳು ಮಲಗಿದ್ದರು ಅಂತ ಕಾಣುತ್ತದೆ. ಅವ್ವನ ಕಣ್ಣಿನ ಹನಿ, ಬಿಲ್ಲು, ಬಿಸಿಲು ಎಲ್ಲ ಮಾತಾಡಿದೆವು. ಆಮೇಲೆ ಹೇಳಿದೆ. ಡಾಕ್ಟರ್ ಹಿಂಗ ಅಂದಿದ್ದರು, ನಿನ್ನ ರಕ್ತ ಎಚ್ಚರ ಐತಿ ಅಂತ, ಅದು ಇದ್ದರೇ ಚಲೋ ಅಂತ. ತೊದಲುತ್ತಾ ಹೇಳಿದೆ. ನೂರು ಸಲ ಹೇಳಿದ ತಮಾಷೆ ಸಲೀಸಾಗಿ ಬರುತ್ತಿತ್ತು, ಇದು ಬರಲಿಲ್ಲ.

ಅವಳು ಪೂರ್ತಿ ಕೇಳಿದಳು.

"ಯಾವಾಗ ಅಂದಿದ್ರು?"

"ನವೆಂಬರ್‌ದಾಗ."

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಲೈನ್ ಹೋಯಿತೇನೋ ಅಂತ ಮೊಬೈಲ್ ನೋಡಿದೆ. ಹೋಗಿರಲಿಲ್ಲ.

"ನವೆಂಬರ್‌ದಾಗ" ಅಂದಳು.

ಆಮೇಲೆ, "ಮುಲಾಮ ಹಚ್ಚಿಕೊಂಡಿ?"

"ಹಚ್ಚಿಕೊಳ್ಳಾಕತ್ತೀನಿ."

"ಎರಡೂ ಕೈಗೆ ಹಚ್ಚಿಕೋ. ನೀ ಒಂದಕ್ಕ ಹಚ್ಚಿಕೊಂಡು ಮಲಗ್ತಿ."